ಸೀರೆ ಅಂಗಡಿಯ ಚೀಲದಲ್ಲಿದ್ದ ಕಾಗದ

ಹಾನಗಲ್ಲ,
27 ನವೆಂಬರ್ 2025

ತೀರ್ಥರೂಪ ಅಣ್ಣನಿಗೆ,

ಫೋನಿನಲ್ಲಿ ಈ ವಿಷಯ ತೆಗೆದರೆ ನೀನು "ಆತು ಬಿಡವಾ, ನೋಡೂಣು" ಎಂದು ಗೋವಿನಜೋಳದ ರೇಟಿಗೆ ಹೊರಳುತ್ತೀ. ಎರಡು ಸಲ ಹಾಗೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ನೀನು ಚಷ್ಮಾ ಹುಡುಕಬೇಕು, ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂಡಬೇಕು. ನಡುವೆ ಬಾಯಿ ಹಾಕಲು ಬರುವುದಿಲ್ಲ.

ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ನೀನು ಟ್ರಂಕು ತೆಗೆಸಿದೆ. ಹಳ್ಳದ ದಂಡೆಯ ಹದಿನೆಂಟು ಗುಂಟೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಸರ್ಕಾರ ಈ ವರ್ಷ ಇ-ಪೌತಿ ಆಂದೋಲನ ಅಂತ ಮಾಡುತ್ತಿದೆ, ಅಜ್ಜನ ಕಾಗದ ಏನಾದರೂ ಸಿಗುತ್ತದೇನು ನೋಡು ಅಂದೆ. (ನಮ್ಮ ಕಡೆ ಅದಕ್ಕೆ ವಾರಸಾ ಎನ್ನುತ್ತೇವೆ. ಪೌತಿ ಎಂದರೆ ಇಲ್ಲಿ ಅರ್ಧ ಜನ ಬಾಯಿ ಬಾಯಿ ನೋಡುತ್ತಾರೆ. ಹೆಸರು ಏನೇ ಇರಲಿ, ಸತ್ತವರ ಹೆಸರನ್ನು ಉತಾರದ ಒಂಬತ್ತನೇ ಕಾಲಮ್ಮಿನಿಂದ ಇಳಿಸಲು ಸರ್ಕಾರವೇ ಮನೆ ಬಾಗಿಲಿಗೆ ಬರುವಂತಾಯಿತಲ್ಲ!) ಅಜ್ಜನದು ಸಿಗಲಿಲ್ಲ. ಹುಬ್ಬಳ್ಳಿಯ ಯಾವುದೋ ಸೀರೆ ಅಂಗಡಿಯ ಚೀಲದಲ್ಲಿ ನಿನ್ನ ಮೃತ್ಯುಪತ್ರ ಸಿಕ್ಕಿತು.

ನಾಲ್ಕು ಮಡಿಕೆ. ಮಡಿಕೆಯ ಗೆರೆಯಲ್ಲಿ ಅಕ್ಷರ ಸವೆದು, ಒಂದು ಕಡೆ ನಿನ್ನ ಮಗಳ ಹೆಸರೇ ಎರಡು ತುಂಡಾಗಿದೆ. ಟೈಪು ಮಾಡಿದ್ದು ನಮ್ಮ ಯಜಮಾನರ ಅಂಗಡಿಯಲ್ಲೇ. ಆ ಟೈಪ್‌ರೈಟರಿನ 'ಳ' ಯಾವಾಗಲೂ ಸಾಲಿನಿಂದ ಕೆಳಗೆ ಬೀಳುತ್ತಿತ್ತು, ಇಲ್ಲಿಯೂ ಬಿದ್ದಿದೆ. ಇಸವಿ 2006. ನಾನು ಓದಿ ಮುಗಿಸಿ ನಿನ್ನ ಮುಖ ನೋಡಿದೆ. ನೀನು ಅಂದೆ: "ಇರ್ಲಿ ಬಿಡವಾ. ಅವನ ಹೆಸರು ಅಲ್ಲೇ ಇರ್ಲಿ."

ಅಣ್ಣಾ, ಆ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಅಪ್ಪನ ಬಾಯಲ್ಲಿ.

ಅದಕ್ಕೂ ಮುಂಚೆ ನನ್ನದೊಂದು ಹೇಳಿಬಿಡುತ್ತೇನೆ. ಅಣ್ಣನ ಆಸ್ತಿಯ ಮಾತಿಗೆ ತಂಗಿ ಬಾಯಿ ಹಾಕಿದರೆ ಊರು ಏನೆನ್ನುತ್ತದೆ ಎಂದು ಬಲ್ಲೆ. ನನಗೆ ಒಂದು ಗುಂಟೆಯೂ ಬೇಡ. ಹೊಸ ಕಾಗದದಲ್ಲಿ ನನ್ನ ಹೆಸರು ಎಲ್ಲಿಯೂ ಬರಕೂಡದು, ಸಾಕ್ಷಿಯಾಗಿಯೂ ಕೂಡ. ಪಿಂಚಣಿ ಬರುತ್ತದೆ, ಇವರು ಕಟ್ಟಿಸಿದ ಮನೆ ಇದೆ. ನನಗಿರುವ ಅಧಿಕಾರ ಒಂದೇ, ಮೂವತ್ತೊಂದು ವರ್ಷ ಬಾಂಡ್ ರೈಟರನ ಹೆಂಡತಿಯಾಗಿದ್ದೆ. ಸಬ್‌ರಜಿಸ್ಟ್ರಾರ್ ಆಫೀಸಿನ ಎದುರಿನ ಆ ಎಂಟು ಅಡಿ ಅಂಗಡಿಗೆ ಹಾನಗಲ್ಲ ತಾಲೂಕಿನ ಅರ್ಧ ಜಗಳ ಬಂದು ಕೂಡುತ್ತಿತ್ತು, ರಾತ್ರಿ ಊಟಕ್ಕೆ ಕೂತಾಗ ಅವೆಲ್ಲ ನನ್ನ ಕಿವಿಗೆ ಬೀಳುತ್ತಿದ್ದವು.

ಅಪ್ಪ ಮೃತ್ಯುಪತ್ರ ಮಾಡಿದ್ದು 1991ರಲ್ಲಿ. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಹೊಲ ಹಿರೇರಿಂದ ಬಂದದ್ದಲ್ಲ. ಧಾರವಾಡದಲ್ಲಿ ಹುಟ್ಟಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದ ಮೇಲೆ, ಅದು ಬಂಗಾರದಂತೆ ಮಾರಿದ ವರ್ಷಗಳಲ್ಲಿ ಅಪ್ಪ ಸ್ವಂತ ದುಡ್ಡಿನಿಂದ ಕೊಂಡದ್ದು. ಹೀಗಾಗಿ ಯಾರಿಗೆ ಬೇಕಾದರೂ ಬರೆಯುವ ಹಕ್ಕು ಅವನಿಗಿತ್ತು. ನಿನಗೆ ರಸ್ತೆ ಬದಿಯ ಹೊಲ ಮತ್ತು ಹಾನಗಲ್ಲಿನ ತೋಟ, ಸಣ್ಣಣ್ಣನಿಗೆ ಎರಡೂವರೆ ಎಕರೆ ಎರಿ ಹೊಲ. ನನಗೆ ಮದುವೆಯಲ್ಲಿ ಕೊಟ್ಟದ್ದೇ ಆಯಿತು. ಕೊನೆಗೆ ಒಂದು ಸಾಲು: ಇದರಲ್ಲಿ ಬಾರದ್ದು ಏನೇ ಉಳಿದರೂ ಹಿರಿಯ ಮಗನಿಗೆ. ಎಲ್ಲರ ಮೃತ್ಯುಪತ್ರದಲ್ಲೂ ಅಂಥದೊಂದು ಸಾಲು ಇದ್ದೇ ಇರುತ್ತದೆ. ಉಳಿಯುವುದಾದರೂ ಏನು, ಎರಡು ಕೊಪ್ಪರಿಗೆ, ಒಂದು ಹಳೇ ಚಕ್ಕಡಿ ಎಂದು ಎಲ್ಲರೂ ತಿಳಿದಿದ್ದೆವು.

1999ರಲ್ಲಿ ಸಣ್ಣಣ್ಣ ಹೋದ. ಮಕ್ಕಳಿರಲಿಲ್ಲ. ಇವರು ಅಪ್ಪನ ಹತ್ತಿರ ಮೂರು ಸಲ ಹೋದರು. "ಮಾಮಾ, ಒಂದು ದಿನದ ಕೆಲಸ. ಮೃತ್ಯುಪತ್ರಕ್ಕ ಸ್ಟಾಂಪ್ ಸೈತ ಬೇಕಾಗಿಲ್ಲ. ಹೊಸಾದು ಬರದುಬಿಡೂಣು." ಅಪ್ಪ ಅಂದದ್ದು: "ಬರದದ್ದು ಬರದಾಗೇತಿ. ಅವನ ಹೆಸರು ಅಲ್ಲೇ ಇರ್ಲಿ." ಮುದುಕನ ಹಟ ಎಂದು ನಾನು ಬೈದುಕೊಂಡಿದ್ದೆ. ಮಗನ ಹೆಸರನ್ನು ಕಾಗದದಿಂದ ತೆಗೆಸುವುದೆಂದರೆ ಅವನನ್ನು ಇನ್ನೊಮ್ಮೆ ಮಣ್ಣಿಗಿಟ್ಟಂತೆ ಎನ್ನುವುದು ಆಗ ತಿಳಿಯಲಿಲ್ಲ. ಸೀಗಿ ಹುಣ್ಣಿಮೆಯ ದಿನ ನಿನ್ನ ಮುಖ ನೋಡಿ ತಿಳಿಯಿತು.

2002ರಲ್ಲಿ ಅಪ್ಪನೂ ಹೋದ. ಸತ್ತವನ ಹೆಸರಿಗೆ ಬರೆದ ಹೊಲ ಏನಾಗುತ್ತದೆ? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 105ನೇ ಕಲಮಿನ ಪ್ರಕಾರ, ಬರೆಸಿಕೊಂಡವನು ಬರೆದವನಿಗಿಂತ ಮೊದಲೇ ಸತ್ತರೆ ಆ ಕೊಡುಗೆ ಬಿದ್ದುಹೋಗಿ ಉಳಿದ ಆಸ್ತಿಯೊಳಗೆ ಸೇರುತ್ತದೆ. 109ನೇ ಕಲಮು ಅದಕ್ಕೊಂದು ವಿನಾಯಿತಿ ಕೊಡುತ್ತದೆ. ಸತ್ತವನು ಮಗನೋ ಮಗಳೋ ಆಗಿದ್ದು, ಅವನಿಗೊಂದು ಸಂತಾನ ಬದುಕಿದ್ದರೆ ಕೊಡುಗೆ ಬೀಳುವುದಿಲ್ಲ. ತಂದೆ ಸತ್ತ ಮರುಗಳಿಗೆ ಅವನು ಸತ್ತ ಎಂದು ಲೆಕ್ಕ ಹಿಡಿದು ಅವನ ವಾರಸುದಾರರಿಗೆ ಕೊಡುತ್ತಾರೆ. ಹೆಂಡತಿಯೂ ಅದರಲ್ಲಿ ಬರುತ್ತಾಳೆ. ಅಂದರೆ ಸಣ್ಣ ವೈನಿಯ ಮಡಿಲಲ್ಲಿ ಒಂದು ಕೂಸು ಇದ್ದಿದ್ದರೆ ಎರಿ ಹೊಲದಲ್ಲಿ ಅವಳಿಗೆ ಪಾಲಿತ್ತು. ಕೂಸಿರಲಿಲ್ಲ. ಹೊಲ ಬಂದು ಆ ಕೊನೆಯ ಸಾಲಿಗೆ ಬಿತ್ತು. ಕೊಪ್ಪರಿಗೆ, ಚಕ್ಕಡಿ, ಜೊತೆಗೆ ಎರಡೂವರೆ ಎಕರೆ.

ಇನ್ನೊಂದು ಕೇಳು. ಅಪ್ಪ ಏನೂ ಬರೆಯದೆ ಸತ್ತಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಡೆಯುತ್ತಿತ್ತು. ಅದರಲ್ಲಿ ತಂದೆಗಿಂತ ಮೊದಲು ಸತ್ತ ಮಗನ ವಿಧವೆ ಮೊದಲ ದರ್ಜೆಯ ವಾರಸುದಾರಳು. ಅವ್ವ, ನೀನು, ನಾನು, ಸಣ್ಣ ವೈನಿ, ನಾಲ್ವರಿಗೂ ಬರುತ್ತಿತ್ತು. ಕಾಗದವೇ ಇಲ್ಲದಿದ್ದರೆ ಅವಳು ಉಳಿಯುತ್ತಿದ್ದಳು. ಹಳೇ ಕಾಗದ ಇದ್ದದ್ದರಿಂದ ಹೋದಳು. ಮೃತ್ಯುಪತ್ರ ಮಾಡಿಟ್ಟವರೆಲ್ಲ ಜಾಣರು ಎಂದು ಜನ ತಿಳಿದಿರುವುದನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ತಲಾಟಿ ಮನೆಗೆ ಬಂದು ವರ್ದಿ ಬರೆದುಕೊಂಡದ್ದು ನೆನಪಿದೆಯೇ? ನಾನೂ ಸಹಿ ಮಾಡಿದೆ. ತನ್ನದೇನೂ ತಕರಾರಿಲ್ಲ ಎಂದು ಸಣ್ಣ ವೈನಿಯಿಂದಲೂ ಬರೆಸಿಕೊಂಡರು. ಅವಳು ತನ್ನ ಹೆಸರು ಬರೆದಳು, 'ಕೋಂ' ಎಂದು ಬರೆದಳು, ಪೆನ್ನು ನಿಲ್ಲಿಸಿದಳು. ಗಂಡ ಸತ್ತ ಮೇಲೆ ಅವನ ಹೆಸರು ಬರೆಯಬೇಕೋ ಬಾರದೋ ಎಂದು ನನ್ನ ಮುಖ ನೋಡಿದಳು. ನಾನು "ಬರಿ" ಅಂದೆ. ಬರೆದಳು. ತಿಂಗಳೊಳಗೆ ಒಂದು ಟ್ರಂಕು, ಒಂದು ಹೊಲಿಗೆ ಮಷೀನು ತೆಗೆದುಕೊಂಡು ಹಿರೇಕೆರೂರ ಕಡೆಯ ತವರಿಗೆ ಹೋದಳು. ಬಂಕಾಪುರದಲ್ಲಿ ಬಸ್ಸು ಹತ್ತಿಸಿದ್ದು ನಾನು. ನೀನು ಹೊಲದಲ್ಲಿದ್ದೆ.

ನೀನು ಕಸಿದುಕೊಂಡೆ ಎನ್ನುತ್ತಿಲ್ಲ. ಕಾಗದ ಕೊಟ್ಟಿತು, ನೀನು ತಗೊಂಡೆ, ನಾನು ಸಹಿ ಹಾಕಿದೆ. ಯಾರೂ ಸುಳ್ಳು ಹೇಳಲಿಲ್ಲ. ಇಪ್ಪತ್ತಮೂರು ವರ್ಷದಿಂದ ನನ್ನನ್ನು ಚುಚ್ಚುತ್ತಿರುವುದು ಅದೇ.

ಕನ್ನಡ ಶಾಲೆಯ ಅಕ್ಕೋರಾಗಿ ವರ್ಷಾ ಕಿತ್ತೂರಿನ ಪಾಠ ಮಾಡಿದವಳು ನಾನು. ಹುಡುಗರಿಗೆ ಯುದ್ಧ ಬೇಕು, 1824ರ ಅಕ್ಟೋಬರ್ 23, ಥ್ಯಾಕರೆ ಬಿದ್ದದ್ದು. ನನ್ನನ್ನು ಕಾಡುತ್ತಿದ್ದದ್ದು ಅದರ ಹಿಂದಿನ ತಿಂಗಳು. ಮಕ್ಕಳಿಲ್ಲದ ದೊರೆ ಶಿವಲಿಂಗರುದ್ರಸರ್ಜ ಹಾಸಿಗೆ ಹಿಡಿದ ಮೇಲೆ ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನೂ ಒಪ್ಪಲಿಲ್ಲ, ಕಾಗದದ ಮೇಲಿನ ಸಹಿಯನ್ನೂ ನಂಬಲಿಲ್ಲ. ಕುಂಪಣಿಗೆ ಸಂಸ್ಥಾನ ನುಂಗಲು ನೆಪ ಬೇಕಿತ್ತು, ವರ್ಷ ಮೊದಲೇ ಬರೆದಿಟ್ಟಿದ್ದರೆ ಇನ್ನೊಂದು ನೆಪ ಹುಡುಕುತ್ತಿತ್ತೋ ಏನೋ. ಆದರೆ ಕೊನೆಗಾಲದ ಸಹಿಯ ಮೇಲೆ ಅನುಮಾನ ಪಡಲು ಥ್ಯಾಕರೆಯೇ ಬರಬೇಕೆಂದಿಲ್ಲ, ಸ್ವಂತ ಅಣ್ಣತಮ್ಮಂದಿರೂ ಸಾಕು.

ಈಗ ನಿನ್ನ ಕಾಗದ.

ಸವಣೂರಿಗೆ ಕೊಟ್ಟ ಮಗಳಿಗೆ ನೀನು ಬರೆದದ್ದು ಪುಣೆ-ಬೆಂಗಳೂರು ರಸ್ತೆಯ ಬದಿಯ ಒಂದು ಎಕರೆ ಆರು ಗುಂಟೆ. ಒಳ್ಳೇ ಮನಸ್ಸಿನಿಂದಲೇ ಬರೆದೆ, ಮುಂದೆ ಬೆಲೆ ಬರುತ್ತದೆ ಅಂತ. ಬಂತು, ರಸ್ತೆಯೇ ಬಂದು ನುಂಗಿತು. ಆರು ಪಥಕ್ಕೆ ಹೋದ ಆ ನೆಲದ ಪರಿಹಾರ ಹಿರೇಕೆರೂರಿನಲ್ಲಿ ನಿನ್ನ ಸಣ್ಣ ಮಗನ ಬೀಜ-ಗೊಬ್ಬರದ ಅಂಗಡಿಗೆ ಬಂಡವಾಳವಾಯಿತು. 1925ರ ಆ ಕಾಯ್ದೆಯ 152ನೇ ಕಲಮು ತೆಗೆದು ನೋಡು. ಇಂಥ ಸ್ವತ್ತು ಎಂದು ಹೆಸರಿಸಿ ಬರೆದದ್ದು ನೀನು ಸಾಯುವ ದಿನ ನಿನ್ನದಾಗಿ ಉಳಿದಿರದಿದ್ದರೆ ಕೊಡುಗೆಯೂ ಇಲ್ಲ. ಅವಳು ನಿನ್ನ ಕಾಗದ ಹಿಡಿದು ಹೋದರೆ ಸಿಗುವುದು ಲಾರಿ ಓಡುವ ಡಾಂಬರು. ಬಂದಾಗಲೆಲ್ಲ ಎರಡು ಪೊಟ್ಟಣ ಸವಣೂರ ಖಾರಾ, ಒಂದು ಕಟ್ಟು ಎಲೆ ತಂದು ವೈನಿಯ ಕೈಗಿಟ್ಟು ಹೋಗುವ ಹುಡುಗಿ ಅದು. ಬಾಯಿ ಬಿಟ್ಟು ಕೇಳುವವಳಲ್ಲ.

ಸಣ್ಣವನಿಗೆ ಬರೆದದ್ದು ಇಲ್ಲಿ ಹಾನಗಲ್ಲಿನ 'ಆಪೂಸ ಮಾವಿನ ತೋಟ'. ಮಾವು ಕಡಿದು ಅಡಿಕೆ ಹಚ್ಚಿ ಆರು ವರ್ಷವಾಯಿತು, ಪೋಡಿಯಾಗಿ ಹಿಸ್ಸಾ ನಂಬರೂ ಬದಲಾಗಿದೆ. ಇದು ದೊಡ್ಡ ತೊಡಕಲ್ಲ, ಚೆಕ್ಕುಬಂದಿ ಹೊಂದಿಸಿದರೆ ಮುಗಿಯಿತು.

ದೊಡ್ಡವನದು. ಇದನ್ನು ಬರೆಯಲು ನನಗೂ ಕೈ ಬರುತ್ತಿಲ್ಲ. 2021ರ ಆ ಮೇ ತಿಂಗಳಲ್ಲಿ ಅವನೂ ಹೋದ. ಮೊಮ್ಮಗಳಿದ್ದಾಳೆ, ಹೀಗಾಗಿ ಮೇಲೆ ಹೇಳಿದ 109ನೇ ಕಲಮಿನಿಂದ ಅವನ ಪಾಲು ಬೀಳುವುದಿಲ್ಲ, ಸೊಸೆಗೂ ಬರುತ್ತದೆ. ಆದರೆ ಅದು ಬರುವುದು ಅವಳಿಗೊಂದು ಕೂಸು ಹುಟ್ಟಿತ್ತು ಎಂಬ ಕಾರಣಕ್ಕೆ. ನೀನು ಬರೆದೆ ಎಂಬ ಕಾರಣಕ್ಕಲ್ಲ. ದಿನಾ ರಾತ್ರಿ ನಿನ್ನ ಬಿ.ಪಿ. ಗುಳಿಗೆ ಎಣಿಸಿ ಕೊಡುವವಳು ಅವಳು. ನಾಳೆ ಯಾವುದೋ ವಕೀಲ ಕೋರ್ಟಿನಲ್ಲಿ ಪುಸ್ತಕ ತೆರೆದು ಹೇಳಬೇಕಾದ ಮಾತನ್ನು ಇವತ್ತು ನೀನೇ ಅವಳ ಹೆಸರು ಹಿಡಿದು ಹೇಳಿದರೆ ಏನು ಕಳೆದುಕೊಳ್ಳುತ್ತೀ?

ವೈನಿಯ ವಿಷಯಕ್ಕೆ ಇರುವುದು ಒಂದೇ ಸಾಲು: 'ಮಕ್ಕಳು ತಾಯಿಯನ್ನು ನೋಡಿಕೊಳ್ಳತಕ್ಕದ್ದು.' ಅದು ಇವರ ಸಾಲು, ಎಲ್ಲರ ಕಾಗದದಲ್ಲೂ ಅದನ್ನೇ ಟೈಪು ಮಾಡಿದ್ದಾರೆ. ನನ್ನ ಪಾಲಿಗೂ ಹೀಗೇ ಬರೆದಿಡುತ್ತೀರೇನು ಎಂದು ನಾನು ಒಂದು ರಾತ್ರಿ ಜಗಳ ತೆಗೆದ ಮೇಲೆ ಈ ಮನೆ ನನ್ನ ಹೆಸರಿಗೆ ಬಂತು. ವೈನಿ ಜಗಳ ತೆಗೆಯುವವಳಲ್ಲ, ಅವಳ ಪರವಾಗಿ ನಾನೇ ತೆಗೆಯುತ್ತಿದ್ದೇನೆ ಎಂದು ತಿಳಿ.

ನಿನ್ನ ಕಾಗದದಲ್ಲೂ ಆ ಕೊನೆಯ ಸಾಲಿದೆ, ನೋಡಿದೆಯೇನು? ಉಳಿದದ್ದೆಲ್ಲ ಸಣ್ಣ ಮಗನಿಗೆ. 2006ರಲ್ಲಿ ಉಳಿಯುವಂಥದ್ದೇನೂ ಇರಲಿಲ್ಲ. ಈಗ ಬ್ಯಾಂಕಿನಲ್ಲಿ ಠೇವಣಿ ಇದೆ, ಟ್ರ್ಯಾಕ್ಟರ್ ಇದೆ, ಹುಬ್ಬಳ್ಳಿಯ ಪ್ಲಾಟಿದೆ.

ಬ್ಯಾಂಕಿನದೇ ಒಂದು ತಮಾಷೆ. ನಿನ್ನ ಟ್ರಂಕಿನಲ್ಲಿ ಮೂರು ಪಾಸ್‌ಬುಕ್ ಇವೆ, ಖಾತೆ ಮಾತ್ರ ಒಂದೇ. ಮೊದಲನೆಯದರ ಮೇಲೆ ಮಲಪ್ರಭಾ ಗ್ರಾಮೀಣ ಬ್ಯಾಂಕ್. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. ಈ ಮೇ 1ರಿಂದ ಬರೀ ಕರ್ನಾಟಕ ಗ್ರಾಮೀಣ ಬ್ಯಾಂಕ್. ಜಿಲ್ಲೆ 1997ರಲ್ಲಿ ಧಾರವಾಡ ಹೋಗಿ ಹಾವೇರಿಯಾಯಿತು. ಬ್ಯಾಂಕಿನ ಹೆಸರು ಎರಡು ಸಲ ಬದಲಾದರೂ ನಾಮಿನಿಯ ಹೆಸರು ದೊಡ್ಡವನದೇ ಉಳಿದಿದೆ. ಈ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು ಎಂದು ಕಾಯ್ದೆ ಬಂದಿದೆ, ಹೋಗಿ ತುಂಬಿ ಬಾ. ಅಷ್ಟರಿಂದಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡ. ನಾಮಿನಿಯೆಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. ಎಲ್‌ಐಸಿ ಪಾಲಿಸಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1983ರಲ್ಲೇ ಹೀಗೆ ಹೇಳಿತ್ತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನಲ್ಲೂ ಅದನ್ನೇ ಹೇಳಿತು. ಒಡೆತನ ತೀರ್ಮಾನವಾಗುವುದು ಮೃತ್ಯುಪತ್ರದಿಂದ, ಅದಿಲ್ಲದಿದ್ದರೆ ವಾರಸಾದಿಂದ.

ಹಳೇ ಮನೆ ಮಾತ್ರ ಬೇರೆ. ಅದು ಅಜ್ಜನ ಕಾಲದ್ದು, ಪಿತ್ರಾರ್ಜಿತ. ಇಡೀ ಮನೆಯನ್ನು ಸಣ್ಣವನಿಗೆ ಬರೆದಿದ್ದೀ, ಅಷ್ಟು ಬರೆಯುವ ಹಕ್ಕು ನಿನಗಿಲ್ಲ, ನಿನ್ನ ಪಾಲಿನಷ್ಟೇ. 2005ರ ತಿದ್ದುಪಡಿಯಿಂದ ಮಗಳಿಗೂ ಅದರಲ್ಲಿ ಹುಟ್ಟಿನಿಂದಲೇ ಸಮಪಾಲು. 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಗಟ್ಟಿ ಮಾಡಿದೆ. ಹಾಗೆ ನೋಡಿದರೆ ಅದರಲ್ಲಿ ನನ್ನ ಹೆಸರೂ ಬರುತ್ತದೆ. ಅದನ್ನು ಬೇಕಾದರೆ ನಾನು ರಜಿಸ್ಟರ್ ಮಾಡಿ ಬಿಟ್ಟುಕೊಡುತ್ತೇನೆ, ವೈನಿಯ ಹೆಸರಿಗಾದರೆ ಮಾತ್ರ.

ನಿನ್ನ ಎಲೆ ವ್ಯಾಪಾರದ ಗೆಳೆಯ ಸವಣೂರಿನ ಸಾಹೇಬರು ಒಮ್ಮೆ ನಮ್ಮ ಅಂಗಡಿಯಲ್ಲಿ ಕೂತು ಹೇಳಿದ್ದರು, ಅವರ ಕಾಯ್ದೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವಸಿಯತ್ ಮಾಡಲು ವಾರಸುದಾರರ ಒಪ್ಪಿಗೆ ಬೇಕಂತೆ. ಮನುಷ್ಯ ಎಷ್ಟು ತಪ್ಪು ಮಾಡಬಹುದು ಎನ್ನುವುದಕ್ಕೂ ಅಲ್ಲೊಂದು ಮಿತಿ ಇದೆ. ನಮ್ಮದರಲ್ಲಿ ಸ್ವಯಾರ್ಜಿತಕ್ಕೆ ಅದಿಲ್ಲ. ಮದುವೆಯಾಗಲಿ, ಮಕ್ಕಳಾಗಲಿ, ಯಾರಾದರೂ ಸಾಯಲಿ, ಹಿಂದೂಗಳ ಮೃತ್ಯುಪತ್ರ ತಾನಾಗಿ ರದ್ದಾಗುವುದಿಲ್ಲ. ಬರೆದವನೇ ಎದ್ದು ಬದಲಿಸಬೇಕು.

ಹಾಗೆಂದು ಪೆನ್ನು ತಗೊಂಡು ಹಳೆಯದರ ಮೇಲೆ ಗೀಟು ಎಳೆಯಬೇಡ. ಒಬ್ಬ ಗೌಡರು ಹಾಗೆ ತಿದ್ದಿ, ಅಂಚಿನಲ್ಲಿ ಚಂದವಾಗಿ ಮೊಮ್ಮಗನ ಹೆಸರು ಬರೆದು ತಂದಿದ್ದರು. ಇವರು ಎರಡೂ ಕೈ ಮುಗಿದು ವಾಪಸು ಕೊಟ್ಟರು. ತಿದ್ದಿದ ಕಡೆ ಮತ್ತೆ ಸಹಿ, ಮತ್ತೆ ಇಬ್ಬರು ಸಾಕ್ಷಿ ಇಲ್ಲದಿದ್ದರೆ ಆ ತಿದ್ದುಪಡಿ ಲೆಕ್ಕಕ್ಕಿಲ್ಲ. ಹೊಸದನ್ನೇ ಬರೆಸು. ಈ ಹಿಂದಿನದೆಲ್ಲ ರದ್ದು ಎಂದು ಮೊದಲ ಸಾಲಿನಲ್ಲೇ ಹಾಕಿಸು. ರಜಿಸ್ಟರ್ ಕಡ್ಡಾಯವಲ್ಲ, ಆದರೂ ಹಳೆಯದು ಶಿಗ್ಗಾಂವಿಯಲ್ಲಿ ರಜಿಸ್ಟರ್ ಆಗಿರುವುದರಿಂದ ಹೊಸದೂ ಆಗಲಿ. ಹಳೇ ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಈಗ ನಮ್ಮ ಗುರುತೇ ಹತ್ತುವುದಿಲ್ಲ. ನಾಳೆ ಕೋರ್ಟಿಗೆ ಬಂದು ಹೇಳಲು ಕನಿಷ್ಠ ಒಬ್ಬನಾದರೂ ಬೇಕು, ನಿನಗಿಂತ ಇಪ್ಪತ್ತು ವರ್ಷ ಸಣ್ಣವರನ್ನು ಹಿಡಿ. ಡಾಕ್ಟರದೊಂದು ಸರ್ಟಿಫಿಕೇಟು ತಗೋ, ಎಪ್ಪತ್ತನಾಲ್ಕು ನಿನಗೆ.

ಬರೆಸುವಾಗ ಸಣ್ಣವನೂ ಸೊಸೆಯೂ ಮಗಳೂ ಆ ಕೋಣೆಯಲ್ಲಿ ಇರಬಾರದು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಇವರು ಗಿರಾಕಿಗಳಿಗೆ ದಿನಾ ಹೇಳುತ್ತಿದ್ದರು. ಲಾಭ ಸಿಗುವವನೇ ಮುಂದೆ ನಿಂತು ಬರೆಸಿದರೆ ಅದೇ ಒಂದು ಸಂಶಯ, ಆ ಸಂಶಯ ತೊಳೆಯುವ ಭಾರ ಅವನ ಮೇಲೆಯೇ. ಅದಕ್ಕೇ ನಾನೂ ಬರುವುದಿಲ್ಲ.

ಇನ್ನು ಆ ಎರಿ ಹೊಲ. ಅದು ಈಗ ಕಾಯ್ದೆಯ ಪ್ರಕಾರ ಪೂರಾ ನಿನ್ನದು. ಇಡೀ ಹೊಲವೋ, ಒಂದು ಎಕರೆಯೋ, ಏನೂ ಇಲ್ಲವೋ, ನಾನು ಹೇಳುವುದಿಲ್ಲ. ಹೇಳಬೇಕಾದವಳಾಗಿದ್ದರೆ ವರ್ದಿಯ ದಿನವೇ ಹೇಳಬೇಕಿತ್ತು.

ಕೊನೆಗೆ ನಿನ್ನ ಮಾತಿಗೇ ಬರುತ್ತೇನೆ. ಅವನ ಹೆಸರು ಇರಲಿ ಅಂದೆಯಲ್ಲ. ಹಳೇ ಕಾಗದದಲ್ಲಿ ಅದು ಇರುವುದು ಒಂದೇ ಕಡೆ, ನಾನು ಬೆರಳಿಟ್ಟು ಎಣಿಸಿದೆ. ಹೊಸದರಲ್ಲಿ ಸೊಸೆಯ ಹೆಸರಿನ ಮುಂದೆ 'ಕೋಂ' ಎಂದು ಬರೆದು ಅವನ ಹೆಸರು ಬರೆಯಬೇಕು. ಮೊಮ್ಮಗಳ ಹೆಸರಿನ ಮುಂದೆ ತಂದೆಯ ಹೆಸರೆಂದು ಇನ್ನೊಮ್ಮೆ ಬರೆಯಬೇಕು. ಎರಡು ಸಲ ಬರುತ್ತದೆ ಅಣ್ಣಾ.

ವೈನಿಗೆ ನಮಸ್ಕಾರ, ಮೊಮ್ಮಗಳಿಗೆ ಆಶೀರ್ವಾದ. ಚಳಿ ಬಿದ್ದಿದೆ, ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಕಿವಿಗೆ ಮಫ್ಲರ್ ಸುತ್ತಿಕೋ.

ನಿನ್ನ ತಂಗಿ

ತಾ.ಕ.: ದೀಪಾವಳಿ ಆದ ಮೇಲೆ ಹಿರೇಕೆರೂರಿಗೆ ಹೋಗಿದ್ದೆ, ಸಣ್ಣ ವೈನಿಯನ್ನು ಕಂಡು ಬಂದೆ. ಈಗಲೂ ಅದೇ ಮಷೀನಿನಲ್ಲಿ ಜಂಪರು ಹೊಲಿಯುತ್ತಾಳೆ. ಹೊಲದ ಮಾತು ಎತ್ತಲಿಲ್ಲ. ಹೊರಡುವಾಗ ಮಾತ್ರ, ಎರಿ ಹೊಲದ ಬದುವಿನಲ್ಲಿದ್ದ ಬಾರಿ ಗಿಡ ಇನ್ನೂ ಇದೆಯೇ ಎಂದು ಕೇಳಿದಳು. ನನಗೆ ನೆನಪಾಗಲಿಲ್ಲ. ನೋಡಿ ತಿಳಿಸು.